ದೊರೆಯ ಕಾಲು ಹಿಡಿದ ಲಾಳದ ನಾಗಯ್ಯ

ಲಾಳದ ನಾಗಯ್ಯ ಜನರನ್ನು ಗುರುತು ಹಿಡಿಯುತ್ತಿದ್ದುದು ಕಾಲಿನಿಂದ. ಎದುರಿಗೆ ಯಾರು ಬಂದು ನಿಂತರೂ ಅವನ ಕಣ್ಣು ಮೊದಲು ನೆಲಕ್ಕಿಳಿದು, ಹಿಮ್ಮಡಿ, ಹೆಬ್ಬೆರಳು, ಚಪ್ಪಲಿಯ ಸವೆತ ಎಲ್ಲವನ್ನೂ ವಿಚಾರಿಸಿಕೊಂಡು, ಪುರಸೊತ್ತಾದರೆ ಮುಖದ ತನಕ ಬರುತ್ತಿತ್ತು. ಗೊತ್ತಿಲ್ಲದವರು ಎಂಥ ವಿನಯವಂತ ಅಂದುಕೊಳ್ಳುತ್ತಿದ್ದರು. ವಿನಯವೂ ಇಲ್ಲ, ಗಿನಯವೂ ಇಲ್ಲ. ಮೂವತ್ತು ವರ್ಷ ಎತ್ತುಗಳ ಗೊರಸಿಗೆ ಲಾಳ ಹೊಡೆದ ಮನುಷ್ಯನಿಗೆ ಲೋಕ ಶುರುವಾಗುವುದೇ ಕೆಳಗಿನಿಂದ.

ನನ್ನನ್ನು ಮೊದಲ ಸಲ ಕಂಡಾಗ ಅವನು ಹೆಸರು ಕೇಳಲಿಲ್ಲ. "ಸಾ, ನಿಮ್ ಎಡಗಾಲು ಒಳೀಕ್ ತಿರುಗ್ತದ. ಚಪ್ಲಿ ಒಂದ್ಕಡೇನೇ ತಿಂದದ ನೋಡಿ," ಅಂದ. ಇಪ್ಪತ್ತೇಳು ವರ್ಷ ನನ್ನ ಜೊತೆಯಲ್ಲೇ ಇದ್ದ ಕಾಲಿನ ಬಗ್ಗೆ ನನಗೇ ತಿಳಿಯದಿದ್ದ ವಿಷಯ ಅದು.

ಸಾವಿರದ ಒಂಬೈನೂರ ತೊಂಬತ್ತೈದರ ಮಾತು. ಚಾಮರಾಜನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ಮೈಸೂರಿನ ಬಾಲವಾಗಿ, ಮೀಟರ್ ಗೇಜ್ ರೈಲಿನ ಕೊನೇ ನಿಲ್ದಾಣವಾಗಿ ಆರಾಮಾಗಿತ್ತು. ನಾನು ಅಲ್ಲಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಬೀದಿಗೊಂದು ಎಸ್‌ಟಿಡಿ ಬೂತ್ ಬಂದು ಟ್ರಂಕ್ ಕಾಲುಗಳಿಗೆ ಕಾಲವಿಲ್ಲದಂತಾಗುತ್ತಿದ್ದ ಕಾಲ. ಗುಂಡ್ಲುಪೇಟೆ ರಸ್ತೆಯ ಕಡೆ ಚಿಕ್ಕಮಲ್ಲಮ್ಮನವರ ಮನೆಯ ಮಹಡಿಯಲ್ಲಿ ನನಗೊಂದು ಬಾಡಿಗೆ ಕೋಣೆಯಿತ್ತು. ಕೆಳಗೆ ಅವರು, ಮಗ ಸೋಮೇಶ, ಸೊಸೆ. ಮನೆಯ ಮುಂಭಾಗದಲ್ಲಿ ಅರಿಸಿನದ ಮಂಡಿ, ಹಿಂದೆ ಕರಿಕಲ್ಲಿನ ಚಪ್ಪಡಿ ಹಾಸಿದ ಅಂಗಳ, ಅಂಗಳದ ಕೊನೆಯಲ್ಲಿ ಗೋಡೌನು. ಗೋಡೌನಿನ ಬಾಗಿಲಲ್ಲಿ ಚೈನು. ಚೈನಿನ ಕೊನೆಯಲ್ಲಿ ದೊರೆ.

ದೊರೆ ಎಂದರೆ ನಾಯಿ. ಮೈಯೆಲ್ಲ ಬಿಳುಪಾಗಿ, ಮೂತಿ ಮಾತ್ರ ಇಂಗ್ಲಿಷ್ ದೊರೆಗಳ ಹಾಗೆ ಕೆಂಪಾಗಿದ್ದುದರಿಂದ ಚಿಕ್ಕಮಲ್ಲಮ್ಮನವರ ಯಜಮಾನರು ಮರಿಮಲ್ಲಪ್ಪನವರು ಆ ಹೆಸರಿಟ್ಟಿದ್ದರಂತೆ. ನಾನು ಹೋಗುವ ಹೊತ್ತಿಗೆ ಮರಿಮಲ್ಲಪ್ಪನವರು ತೀರಿಕೊಂಡು ಮೂರು ವರ್ಷವಾಗಿತ್ತು. ಅವರಿದ್ದಾಗ ದಿನಾ ಬೆಳಿಗ್ಗೆ ದೊರೆಯನ್ನು ಜಲ್ಲಿ ರಸ್ತೆಯ ಮೇಲೆ ಕೆರೆ ಏರಿಯವರೆಗೆ ನಡೆಸಿಕೊಂಡು ಹೋಗಿ ಬರುತ್ತಿದ್ದರು. ಅವರು ಹೋದ ಮೇಲೆ ನಡೆಸುವವರಿಲ್ಲ. ಹೊತ್ತುಹೊತ್ತಿಗೆ ಮುದ್ದೆ ಹಾಕುತ್ತಿದ್ದರು, ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಮೂರು ವರ್ಷ ಆ ನಾಯಿ ಅರಿಸಿನದ ಪುಡಿ ಮೆತ್ತಿದ ಗೋಣಿತಾಟುಗಳ ಮೇಲೆ ಮಲಗಿ, ಎದ್ದು, ಮಲಗಿ ಮುದುಕಾಯಿತು. ಉಗುರು ಮಾತ್ರ ಹರೆಯದಲ್ಲಿದ್ದಂತೆ ಬೆಳೆದವು.

ನಾನು ಅದನ್ನು ನೋಡುವುದಕ್ಕೆ ಮೊದಲು ಕೇಳಿದ್ದೆ. ಮಹಡಿಯಲ್ಲಿ ಮಲಗಿದ್ದರೆ ಕೆಳಗೆ ಚಪ್ಪಡಿಯ ಮೇಲೆ ಟಕ್, ಟಕ್, ಟಟಕ್ ಎಂದು ಯಾರೋ ಹಳೇ ಟೈಪ್‌ರೈಟರಿನಲ್ಲಿ ಅರ್ಜಿ ಹೊಡೆಯುತ್ತಿರುವ ಸದ್ದು. ಇಳಿದು ನೋಡಿದರೆ ಈ ನಾಯಿ, ಎತ್ತರದ ಹಿಮ್ಮಡಿಯ ಚಪ್ಪಲಿ ತೊಟ್ಟು ಮದುವೆಗೆ ಹೊರಟ ಹೆಂಗಸಿನ ಹಾಗೆ, ಬೆರಳನ್ನೆಲ್ಲ ಮೇಲೆತ್ತಿಕೊಂಡು ಹಿಂಗಾಲ ಮೇಲೆ ಭಾರ ಬಿಟ್ಟು ನಡೆಯುತ್ತಿತ್ತು. ಉಗುರುಗಳು ಕುಡುಗೋಲಿನಂತೆ ಬಾಗಿ, ಕೆಲವು ಪಕ್ಕಕ್ಕೆ ಹೊರಳಿದ್ದವು. ಮುಂಗಾಲಿನ ಮೇಲ್ಗಡೆ, ನೆಲಕ್ಕೆ ತಾಗದೆ ಇರುವ ಆ ಒಂಟಿ ಉಗುರು ಒಂದು ಸುತ್ತು ಬಂದು ತನ್ನ ಮಾಂಸವನ್ನೇ ಮುಟ್ಟುತ್ತಿತ್ತು.

ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಪ್ರತಿ ಸೋಮವಾರ ಪ್ರೇಯರ್ ಮುಗಿದ ಮೇಲೆ ಸಿಸ್ಟರು "ನೇಲ್ಸ್!" ಎನ್ನುತ್ತ ಸಾಲಿನುದ್ದಕ್ಕೂ ಬರುತ್ತಿದ್ದರು, ಉಗುರು ಬೆಳೆದಿದ್ದರೆ ಸ್ಕೇಲಿನ ಏಟು ಬೆರಳಿಗೆ. ಆ ಅಭ್ಯಾಸಬಲದಿಂದ ಚಿಕ್ಕಮಲ್ಲಮ್ಮನವರನ್ನು ಕೇಳಿಯೇಬಿಟ್ಟೆ, "ಇದರ ಉಗುರು ಯಾಕಮ್ಮ ಕತ್ತರಿಸಿಲ್ಲ?"

"ಕತ್ತರಿಸ್ಬೇಕು ಅಂತ್ಲೇ ಇದ್ದೀನಪ್ಪ, ಯಜಮಾನ್ರು ಓದ್ ವರ್ಸದಿಂದ. ದಿನ ಸಿಕ್ಬೇಕಲ್ಲ?" ಅಂದರು. ಎಡಗೈ ಬೆರಳು ಮಡಿಸತೊಡಗಿದರು. "ಸ್ವಾಮಾರ ಶಿವನ್ ವಾರ, ಉಗುರ್ ಮುಟ್ಟಂಗಿಲ್ಲ. ಮಂಗ್ಳವಾರ ಶುಕ್ರವಾರ ಲಕ್ಷ್ಮಿ. ಶನಿವಾರ ಯಜಮಾನ್ರು ಓದ್ ವಾರ. ಗುರುವಾರ ಮಂಡಿ ತುಂಬ ಜನ. ಅಮಾಸೆ ಉಣ್ಮೆ ಬುಡು. ದೀಪ ಅಚ್ಚಿದ್ ಮ್ಯಾಲಂತೂ ಇಲ್ಲ."

"ಬುಧವಾರ, ಭಾನುವಾರ ಉಳೀತಲ್ಲ?"

ಎಡಗೈ ಮುಷ್ಟಿಯಾಗಿತ್ತು; ಅವರು ಬಲಗೈಯ ಎರಡು ಬೆರಳನ್ನು ಎತ್ತಿ ನೋಡಿದರು. "ಅವತ್ತು ಕುಯ್ಯೋರು ಇರಲ್ಲ," ಅಂದರು. ಬೇರೆ ನಾಯಿಯಾದರೆ ಹದಿನೆಂಟು ಉಗುರಂತೆ, ದೊರೆಗೆ ಇಪ್ಪತ್ತು. ಇಪ್ಪತ್ತುಗುರಿನ ನಾಯಿ ಮನೆಗೆ ಆಗಿಬಂದದ್ದು, ಯಾರೋ ಒಬ್ಬರ ಕೈಗೆ ಕೊಡುವ ಹಾಗಿಲ್ಲ ಎಂದರು. ಹೀಗೆ ಭಕ್ತಿ, ಮರೆವು, ಮಮತೆ ಮೂರೂ ಸೇರಿ ಆ ನಾಯಿಯನ್ನು ಕುಂಟು ಮಾಡಿದ್ದವು.

ನಾಗಯ್ಯ ಬಂದದ್ದು ನಾಯಿಗಾಗಿ ಅಲ್ಲ. ಮಂಡಿಗೆ ಸೋಮೇಶ ಹೊಸ ರೋಲಿಂಗ್ ಶಟರ್ ಹಾಕಿಸಿದ್ದ. ಎಂಥ ಶಟರಾದರೂ ಹೊಸ್ತಿಲಿಗೆ ಸವೆದ ಎತ್ತಿನ ಲಾಳ ಹೊಡೆಸದೆ ಚಿಕ್ಕಮಲ್ಲಮ್ಮನವರಿಗೆ ಸಮಾಧಾನವಿಲ್ಲ. ಮಂಡಿಯ ಗಾಡಿ ಎತ್ತುಗಳಿಗೆ ಇಪ್ಪತ್ತು ವರ್ಷ ಲಾಳ ಕಟ್ಟಿದವನು ನಾಗಯ್ಯ. ಎತ್ತು ಮಾರಿ ಟೆಂಪೊ ತಂದ ಮೇಲೆ ಆ ಕಡೆ ತಲೆ ಹಾಕಿರಲಿಲ್ಲ. ಹೇಳಿಕಳಿಸಿದರು. ಬಂದ. ಕಾರ್ತೀಕದ ಒಂದು ಬುಧವಾರ.

ಕುಕ್ಕರಗಾಲಲ್ಲಿ ಕೂತು ಎರಡನೇ ಮೊಳೆ ಇಟ್ಟವನು, ಎತ್ತಿದ ಸುತ್ತಿಗೆಯನ್ನು ಗಾಳಿಯಲ್ಲೇ ನಿಲ್ಲಿಸಿ, ಅಂಗಳದ ಟಕ್ ಟಕ್ ಸದ್ದಿಗೆ ಕಿವಿಗೊಟ್ಟ.

"ಅವ್ವಾರೆ, ಹಿತ್ಲಲ್ಲಿ ಯಾವ್ದು ಎತ್ತು? ಮುಂದಿನ್ ಬಲಗಾಲ್ ಊರ್ತಾ ಇಲ್ವಲ್ಲ."

"ಎತ್ತೆಲ್ ಬಂದಾತು ನಾಗಯ್ಯ? ಅದು ನಮ್ ದೊರೆ."

ನಾಗಯ್ಯ ಸುತ್ತಿಗೆ ಕೆಳಗಿಟ್ಟು ಹಿತ್ತಿಲಿಗೆ ಹೋದ. ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಗಟ್ಟಿಯಾಗಿ ನಕ್ಕುಬಿಟ್ಟ. "ಇಷ್ಟೇಯಾ? ಮೂವತ್ ವರ್ಸದಲ್ಲಿ ಎಷ್ಟ್ ಸಾವ್ರ ಗೊರಸು ಕೆತ್ತೀವ್ನಿ ಅವ್ವಾರೆ, ಒಂದ್ ತೊಟ್ ರಕ್ತ ಕಂಡಿಲ್ಲ ಈ ಉಳಿ. ಒಂದ್ ಬೀಡಿ ಸೇದೋಗಂಟ ಕೆಲ್ಸ, ಬುಡಿ."

ಒಂದು ತೊಟ್ಟು ರಕ್ತ ಕಂಡಿಲ್ಲ ಎನ್ನುವುದು ಅವನ ಜಂಬವಲ್ಲ, ಬೋರ್ಡು. ಅವನಿಗೆ ಅಂಗಡಿಯಿರಲಿಲ್ಲ; ಸಂತೆಮಾಳದ ಹುಣಿಸೆಮರದ ಬುಡವೇ ಅಂಗಡಿ, ಆ ಮಾತೇ ಅದರ ಹೆಸರು. ಚಂದಕವಾಡಿಯಿಂದ, ಉಮ್ಮತ್ತೂರಿನಿಂದ ಎತ್ತು ಹೊಡೆದುಕೊಂಡು ಬರುತ್ತಿದ್ದವರು ಅದನ್ನು ನಂಬಿ ಬರುತ್ತಿದ್ದರು.

ತಪ್ಪಾದದ್ದು ಇಲ್ಲಿ. ಎತ್ತಿಗೆ ಲಾಳ ಹೊಡೆಯುವಾಗ ಹಗ್ಗ ಸುತ್ತಿ ಕೆಡವಿ, ನಾಲ್ಕು ಕಾಲನ್ನೂ ಒಂದು ಬಿದಿರ ಗಳುವಿಗೆ ಬಿಗಿಯುತ್ತಾರೆ. ಅವನಿಗೆ ಗೊತ್ತಿದ್ದ ರೀತಿ ಅದೊಂದೇ. ದೊರೆಗೂ ಹಾಗೇ ಮಾಡಿದ. ಚಿಕ್ಕಮಲ್ಲಮ್ಮನವರು "ಮೆಲ್ಲುಗೆ, ಮೆಲ್ಲುಗೆ" ಅನ್ನುವಷ್ಟರಲ್ಲಿ ಹಗ್ಗ ಬಿದ್ದು, ನಾಯಿ ಮಗ್ಗುಲಾಗಿ, ಕಾಲು ನಾಲ್ಕೂ ಬಿದಿರಿಗೆ ಕಟ್ಟಿಯಾಗಿತ್ತು. ದೊರೆ ಕಚ್ಚಲಿಲ್ಲ, ಬೊಗಳಲಿಲ್ಲ. ಕಣ್ಣು ಮಾತ್ರ ದೊಡ್ಡದು ಮಾಡಿಕೊಂಡು ಅವನನ್ನೇ ನೋಡುತ್ತಿತ್ತು. ನಾಗಯ್ಯ ಬಲ ಮುಂಗಾಲಿನ ಉಗುರನ್ನು ಮರದ ಕೊರಡಿನ ಮೇಲಿಟ್ಟು, ಚಂದವಾಗಿ ಅಳತೆ ನೋಡಿ, ಉಳಿಯ ಮೇಲೆ ಒಂದು ಪೆಟ್ಟು ಕೊಟ್ಟ.

ಆ ಕೂಗು ಮಹಡಿಯ ಮೆಟ್ಟಿಲಲ್ಲಿ ನಿಂತಿದ್ದ ನನ್ನ ಹಲ್ಲಿನವರೆಗೂ ಬಂತು.

ಗೊರಸಿನಲ್ಲಿ ಬೆರಳುದ್ದ ಸತ್ತ ಭಾಗವಿರುತ್ತದೆ, ಎಷ್ಟು ಕೆತ್ತಿದರೂ ನಡೆಯುತ್ತದೆ. ನಾಯಿಯ ಉಗುರು ಹಾಗಲ್ಲ. ಅದರ ನಡುವೆ ಜೀವದ ಎಳೆಯೊಂದು ಓಡುತ್ತದೆ. ವರ್ಷಗಟ್ಟಲೆ ಬಿಟ್ಟರೆ ಉಗುರಿನ ಜೊತೆಗೆ ಅದೂ ಮುಂದಕ್ಕೆ ಬೆಳೆದಿರುತ್ತದೆ. ನಾಗಯ್ಯ ಸತ್ತದ್ದೆಂದು ಕಡಿದದ್ದು ಬದುಕಿದ್ದನ್ನು. ಕರಿಕಲ್ಲಿನ ಮೇಲೆ ರಕ್ತ ಕಾಣಲಿಲ್ಲ, ಉಳಿಯ ಅಂಚಿನಲ್ಲಿ ಕಂಡಿತು. ಅರಿಸಿನದ ಮಂಡಿ ಆದ್ದರಿಂದ ಅರಿಸಿನಕ್ಕೆ ಬರವಿರಲಿಲ್ಲ. ಚಿಕ್ಕಮಲ್ಲಮ್ಮನವರು ಹಿಡಿ ಹಿಡಿ ಮೆತ್ತಿದರು. ಹಗ್ಗ ಬಿಚ್ಚಿದ ಕೂಡಲೇ ದೊರೆ ಮೂರು ಕಾಲಲ್ಲಿ ಹೋಗಿ ಗೋಣಿಚೀಲಗಳ ಸಂದಿ ಸೇರಿತು.

ನಾಗಯ್ಯ ಉಳಿಯನ್ನು ಪಂಚೆಯ ಅಂಚಿಗೆ ಒರೆಸಲಿಲ್ಲ. ಹಾಗೇ ಹಿಡಿದುಕೊಂಡು ನಿಂತಿದ್ದ. ಆಮೇಲೆ, ಮುಖ ಎತ್ತದೆ, ತನ್ನ ಮನೆತನದ ಕಟ್ಟಳೆಯೊಂದನ್ನು ಹೇಳಿದ. ರಕ್ತ ಕಂಡ ಉಳಿಯನ್ನು ತೊಳೆದು ದೇವರ ಗೂಡಿನಲ್ಲಿಡಬೇಕು. ಆ ಜೀವ ತಾನಾಗಿ ನಾಲ್ಕು ಕಾಲಲ್ಲಿ ನಡೆದು ಬಂದು, ಕುಯ್ದವನಿಗೇ ಆ ಕಾಲು ಕೊಡುವತನಕ ಬೇರೆ ಪ್ರಾಣಿಗೆ ಉಳಿ ಮುಟ್ಟಿಸುವ ಹಾಗಿಲ್ಲ. ಅವನ ಅಪ್ಪನಿಗೆ ಒಂದು ಸಲ ಹೀಗಾಗಿತ್ತಂತೆ. ಆ ಎತ್ತು ಎಂಟು ದಿನಕ್ಕೆ ಬಂದು ಕಾಲು ಕೊಟ್ಟಿತಂತೆ.

"ಅದು ಎತ್ತು ನಾಗಯ್ಯ, ಇದು ನಾಯಿ," ಅಂದರು ಚಿಕ್ಕಮಲ್ಲಮ್ಮ.

"ರಕ್ತಕ್ ಏನ್ ಗೊತ್ತವ್ವ, ನಾಯಿದೋ ಎತ್ತಿಂದೋ?"

ಸಂಕ್ರಾಂತಿಗೆ ಎರಡು ತಿಂಗಳಿತ್ತು. ಲಾಳದವನ ವರ್ಷವೆಲ್ಲ ಒಂದು ಕಡೆಯಾದರೆ ಸಂಕ್ರಾಂತಿಯ ಮುಂಚಿನ ಇಪ್ಪತ್ತು ದಿನ ಒಂದು ಕಡೆ. ಕಿಚ್ಚು ಹಾಯುವ ಎತ್ತಿಗೆ ಹೊಸ ಲಾಳ ಹೊಡೆಸದ ರೈತನಿಲ್ಲ. ದೊರೆ ಅಷ್ಟರೊಳಗೆ ಕಾಲು ಕೊಡದಿದ್ದರೆ ನಾಗಯ್ಯನ ಹುಣಿಸೆಮರದ ಅಂಗಡಿ ಎದ್ದಂತೆಯೇ.

ನನಗಾದರೋ ಏನು ಮಾಡುವುದೆಂದು ತೋಚದೆ, ಎಕ್ಸ್‌ಚೇಂಜಿನ ಬೋರ್ಡು ಖಾಲಿಯಿದ್ದ ಮಧ್ಯಾಹ್ನ ಮೈಸೂರಿನಲ್ಲಿದ್ದ ಪರಿಚಯದ ದನದ ಡಾಕ್ಟರಿಗೆ ಟ್ರಂಕ್ ಹಾಕಿದೆ. ಭಾರತ ಸರ್ಕಾರದ ತಂತಿಯ ಮೇಲೆ ನಾಯಿಯುಗುರಿನ ವಿಚಾರವಾಗಿ ಒಂಬತ್ತು ನಿಮಿಷ ಮಾತಾಡಿದ ಆಪರೇಟರ್ ನಾನೊಬ್ಬನೇ ಇರಬೇಕು. ಡಾಕ್ಟರು ಹೇಳಿದ್ದು ಇಷ್ಟು: ಮೊದಲು ಮಾಂಸಕ್ಕೆ ತಾಗುತ್ತಿರುವ ಸುತ್ತುಗುರು ತೆಗೆಯಿರಿ. ಉಳಿದವನ್ನು ತುದಿ ತುದಿ ಮಾತ್ರ, ವಾರಕ್ಕೊಂದೆರಡು ಸಲ. ತುದಿ ಕಡಿದಂತೆ ಜೀವ ತಾನೇ ಹಿಂದಕ್ಕೆ ಸರಿಯುತ್ತದೆ. ಒರಟು ನೆಲದ ಮೇಲೆ ನಡೆಸಿ. ಕಟ್ಟಿಹಾಕಬೇಡಿ, ಅವಸರ ಬೇಡ. ವಾರಕ್ಕೆ ಎರಡು ಸಲ! ಚಿಕ್ಕಮಲ್ಲಮ್ಮನವರ ಪಂಚಾಂಗ ಬಿಟ್ಟುಕೊಟ್ಟ ಬುಧವಾರ, ಭಾನುವಾರ ಲೆಕ್ಕಕ್ಕೆ ಸರಿಯಾಗಿ ಕೂತವು. ಮೂರು ವರ್ಷ ನಾಯಿಯನ್ನು ಕೆಡಿಸಿದ ನೇಮವೇ ಈಗ ಡಾಕ್ಟರ ಚೀಟಿಯಾಯಿತು.

ಕುಯ್ಯುವವರು ಯಾರು? ನಾಗಯ್ಯ ಗೋಡೌನಿನ ಕಡೆ ಮುಖ ಮಾಡಿದರೆ ದೊರೆ ಚೀಲದ ಸಂದಿಯಿಂದ ಮೂಗು ಕೂಡ ತೋರಿಸುತ್ತಿರಲಿಲ್ಲ. ಕೊನೆಗೆ ಕೆಲಸ ನನ್ನ ಕೊರಳಿಗೆ ಬಿತ್ತು. ನನ್ನ ನೇಲ್ ಕಟ್ಟರು ಮೊದಲ ಉಗುರಿಗೇ ಹಲ್ಲು ಬಿಟ್ಟಿತು. ಎಕ್ಸ್‌ಚೇಂಜಿನ ಲೈನ್‌ಮನ್‌ನಿಂದ ತಂತಿ ಕತ್ತರಿಸುವ ಕಟಿಂಗ್ ಪ್ಲೇಯರ್ ಕಡ ತಂದೆ. ಹಗಲೆಲ್ಲ ಕಾಲ್, ಸಂಜೆ ಕಾಲು.

ಹೀಗೆ ನಮ್ಮ ಬುಧವಾರ-ಭಾನುವಾರಗಳು ಶುರುವಾದವು. ದೀಪ ಹಚ್ಚುವುದಕ್ಕೆ ಮುಂಚೆ ಚಿಕ್ಕಮಲ್ಲಮ್ಮನವರು ಗೋಡೌನಿನ ಬಾಗಿಲಲ್ಲಿ ಕೂತು ದೊರೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮುದ್ದೆ ಮುರಿದು ತಿನ್ನಿಸುವರು. ಕಾಲಿನ ಕೆಳಗೊಂದು ಮೊರ. ಉಗುರಿನ ಚೂರು ಮನೆಯ ನೆಲಕ್ಕೆ ಬಿದ್ದರೆ ಮನೆಯಲ್ಲಿ ಜಗಳವಾಗುತ್ತದಂತೆ. ಒಂದೊಂದು ಚೂರೂ ಮೊರಕ್ಕೆ ಬಿತ್ತೇ ಎಂದು ನೋಡಿ, ತೆಂಗಿನ ಬುಡದಲ್ಲಿ ಹೂಳುವರು. ನಾಗಯ್ಯ ಅಂಗಳದ ಆಚೆ ಕೊನೆಯಲ್ಲಿ, ಗೋಡೌನಿನಿಂದ ಎಂಟು ಚಪ್ಪಡಿ ದೂರದಲ್ಲಿ, ಬೆನ್ನು ತಿರುಗಿಸಿ ಕೂತು ಹೇಳುವನು. ನಾನು ಮಾಡುವೆನು. ಕಾಣದ ದನಿ ಹೇಳಿದ ಹಾಗೆ ತಂತಿ ಚುಚ್ಚಿ ಅಭ್ಯಾಸವಾದ ಆಪರೇಟರನಿಗೆ ಇದೇನು ಹೊಸದಲ್ಲ.

"ಯಾವ್ ಕಾಲ್ ಇಡ್ದಿದ್ದೀರಿ ಸಾ?"

"ಎಡ ಹಿಂಗಾಲು."

"ಅದ್ರಲ್ಲಿ ಬಿಳೀ ಉಗುರು ಅವ. ಬೆಳಕ್ಗೆ ಇಡೀರಿ. ಒಳಗೆ ತೆಳ್ಳಗೆ ಕೆಂಪ್ಗೆ ಕಾಣ್ತದಾ?"

ಕಂಡಿತು. ಗುಲಾಬಿ ಬಣ್ಣದ ಒಂದು ದಾರ. ಉಳಿದ ಮೂರು ಕಾಲಿನ ಉಗುರು ಕಪ್ಪು, ಅವುಗಳಲ್ಲಿ ಏನೂ ಕಾಣುವುದಿಲ್ಲ. ಆ ಒಂದು ಬಿಳಿಗಾಲು ನಮಗೆ ಪಠ್ಯಪುಸ್ತಕವಾಯಿತು; ಅದರಲ್ಲಿ ಜೀವ ಎಷ್ಟು ಉದ್ದವಿದೆ ಎಂದು ನೋಡಿಕೊಂಡು ಕಪ್ಪಿನಲ್ಲಿ ಅಂದಾಜು ಮಾಡುವುದು. ಲೈವ್ ಲೈನನ್ನು ಮುಟ್ಟಬಾರದು ಎಂಬ ಇಲಾಖೆಯ ಸೂಚನೆ ನನಗೆ ಅರ್ಥವಾದದ್ದು ಆವತ್ತೇ. ಇನ್ನೊಂದೂ ತಿಳಿಯಿತು: ಇಂಗ್ಲಿಷಿನಲ್ಲಿ ಮೊಳೆಯೂ ನೇಲ್, ಉಗುರೂ ನೇಲ್. ಒಂದು ನೇಲನ್ನು ಜೀವಮಾನವೆಲ್ಲ ಹೊಡೆದ ನಾಗಯ್ಯ ಇನ್ನೊಂದು ನೇಲಿನ ಮುಂದೆ ಪುನಃ ಒಂದನೇ ಕ್ಲಾಸಿಗೆ ಸೇರಿದ್ದ.

ಮೊದಲ ಭಾನುವಾರ ಸುತ್ತುಗುರು ತೆಗೆದೆವು. ಟಕ್ ಎಂದು ತುಂಡಾಗಿ ಮೊರಕ್ಕೆ ಬಿದ್ದದ್ದು ಬಳೆಯ ಚೂರಿನಂತಿತ್ತು. ದೊರೆ ಆ ಜಾಗವನ್ನು ನೆಕ್ಕಿತು, ಚಿಕ್ಕಮಲ್ಲಮ್ಮನವರ ಕೈ ನೆಕ್ಕಿತು, ಯೋಚನೆ ಮಾಡಿ ನನ್ನ ಪ್ಲೇಯರನ್ನೂ ಒಂದು ಸಲ ನೆಕ್ಕಿತು. ಆಮೇಲೆ ತಲೆಯೆತ್ತಿ ಎಂಟು ಚಪ್ಪಡಿ ಆಚೆ ಇದ್ದ ಬೆನ್ನನ್ನು ನೋಡಿ ಮತ್ತೆ ಒಳಗೆ ಸರಿಯಿತು.

"ಏನ್ ಮಾಡ್ತಾ ಅದ?" ಎಂದ ಬೆನ್ನು.

"ನಿನ್ನನ್ನೇ ನೋಡಿ ಒಳಗೆ ಹೋಯ್ತು."

"ನೋಡ್ತಲ್ಲ. ಅಷ್ಟ್ ಸಾಕು ಇವತ್ಗೆ."

ಅವನು ದಿನಾ ಬರುತ್ತಿದ್ದ, ಕುಯ್ಯುವ ದಿನವಲ್ಲದಿದ್ದರೂ. ವಾರಕ್ಕೋ ಹತ್ತು ದಿನಕ್ಕೋ ಒಂದು ಚಪ್ಪಡಿ ಮುಂದಕ್ಕೆ ಸರಿದು ಕೂರುವನು. ದೊರೆಯ ಕಡೆ ತಿರುಗುವುದಿಲ್ಲ, ಕರೆಯುವುದಿಲ್ಲ. ಮಡಿಲಿನಿಂದ ಏನೋ ತೆಗೆದು ಹಿಂದಕ್ಕೆ ಎಸೆಯುವನು. ಅದು ಕರವಾಡು, ತಾಳವಾಡಿ ಕಡೆಯಿಂದ ಬರುತ್ತಿದ್ದ ಒಣಮೀನು. ಲಿಂಗ ಕಟ್ಟಿದವರ ಮನೆಯ ಅಂಗಳ! ನಾಯಿ ಕೂಡ ಹುಟ್ಟಿದಾಗಿನಿಂದ ಮುದ್ದೆ-ಮಜ್ಜಿಗೆಯ ಶರಣ. ಒಂದು ಸಂಜೆ ಚಿಕ್ಕಮಲ್ಲಮ್ಮನವರು ಮೂಗು ಅರಳಿಸಿಕೊಂಡು ಬಾಗಿಲಿಗೆ ಬಂದರು.

"ಏನೋ ನಾಗಯ್ಯ, ಒಂಥರಾ ವಾಸ್ನೆ ಬತ್ತದಲ್ಲ?"

"ನನ್ನ್ ಮೈ ವಾಸ್ನೆ ಕಣವ್ವ. ಕೆಲ್ಸ ಇಲ್ಲ, ಸ್ನಾನ ಮಾಡಿ ಯಾರ್ಗ್ ತೋರ್ಸ್ಬೇಕು?"

ದೊರೆ ಸಂದಿಯಲ್ಲಿ ಕುಟುಕುಟು ಅಗಿಯುತ್ತಿರುವುದು ಮೂವರಿಗೂ ಕೇಳುತ್ತಿತ್ತು. ಅವರು ಒಳಗೆ ಹೋಗಿ ಒಂದು ಹಿಡಿ ಲೋಬಾನ ಕೆಂಡಕ್ಕೆ ಹಾಕಿದರು. ಮಾರನೇ ದಿನದಿಂದ ನಾಗಯ್ಯ ಬರುವ ಹೊತ್ತಿಗೆ ಸರಿಯಾಗಿ ಲೋಬಾನದ ಹೊಗೆ ಏಳತೊಡಗಿತು.

ಬೆಳಗಿನ ಹೊತ್ತು ನಾನು ದೊರೆಯನ್ನು ನಡೆಸುತ್ತಿದ್ದೆ. ರೈಲ್ವೆ ಸ್ಟೇಷನ್ನಿನ ಹತ್ತಿರ ಕರಿಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಹಿಂದೆ ಒಡೆದ ಬಂಡೆ ಹಲಗೆಗಳ ಹರವಿತ್ತು; ಮರಳುಕಾಗದದಂಥ ಮೈ. ನಾಗಯ್ಯನೇ ಹುಡುಕಿ ಹೇಳಿದ ಜಾಗ. ಅದರ ಮೇಲೆ ಹತ್ತು ಸಲ ಹೋಗಿಬಂದರೆ ಉಗುರಿಗೆ ಅರ ಹಾಕಿದ ಹಾಗೆ. ಅವನು ನೂರು ಗಜ ಹಿಂದೆ ಬರುತ್ತಿದ್ದ. ದೊರೆ ಆಗಾಗ ನಿಂತು ಹಿಂದೆ ತಿರುಗುವುದು, ಅವನು ಕೂಡಲೇ ನಿಂತು ಆಕಾಶ ನೋಡುವುದು. ಸಾಲದವನನ್ನು ಕಂಡವರು ಕೂಡ ಅಷ್ಟು ಚೆನ್ನಾಗಿ ಆಕಾಶ ನೋಡಲಾರರು.

ಪುಷ್ಯ ಬಂತು. ಎತ್ತುಗಳೂ ಬಂದವು. ಹರವೆಯ ಗುರುಮಲ್ಲಯ್ಯ, ನಾಗಯ್ಯನ ಹಳೇ ಗಿರಾಕಿ, ಜೋಡಿ ಎತ್ತು ಹೊಡೆದುಕೊಂಡು ಹುಣಿಸೆಮರದ ಬುಡಕ್ಕೆ ಹೋಗಿ, ಅಲ್ಲಿ ಯಾರೂ ಇಲ್ಲದೆ, ವಿಚಾರಿಸಿಕೊಂಡು ಮಂಡಿಗೇ ಬಂದ.

"ಏನ್ಲಾ ನಾಗ, ಊರೋರೆಲ್ಲ ಏಳ್ತಾವ್ರೆ, ನಾಯಿ ಚಾಕ್ರಿಗ್ ಸೇರ್ಕಂಡಿದ್ದೀಯಂತೆ?"

"ಊ ಕಣ್ಲಾ."

"ನಾಯಿಗೋಸ್ಕರ ಎತ್ ಬುಟ್ಟೋನ್ನ ನಾನ್ ಕಾಣೆ. ಬಾರ್ಲಾ, ಒಂದ್ ಜೊತೆ ಒಡಿ. ಯಾರ್ ನೋಡ್ತಾರೆ?"

"ಉಳಿ ಗೂಡಲ್ಲದ. ಗುಂಡ್ಲುಪೇಟೆಗ್ ಓಗು. ಅಲ್ಲೊಬ್ಬ ಅವ್ನೆ, ಕೈ ಸುಮಾರಾಗದ."

"ಗುಂಡ್ಲುಪೇಟೆಗಂಟ ಓದ್ರೆ ಲಾಳ ಒಡ್ಸೋಕ್ ಮುಂಚೇನೇ ಸವೆದೋಯ್ತದ ಗೊರಸು!" ಎಂದು ಗುರುಮಲ್ಲಯ್ಯ ಬೈದುಕೊಂಡು ಹೋದ. ಹದಿನೈದು ದಿನದಲ್ಲಿ ಮೂರು ಸಲ ಬಂದು ಮೂರು ಸಲ ಹೀಗೇ ಬೈದು ಹೋದ. ಎತ್ತಿಗೆ ಮಾತ್ರ ಬೇರೆ ಕಡೆ ಲಾಳ ಹೊಡೆಸಲಿಲ್ಲ. ಉಳಿದವರು ಹೊಡೆಸಿದರು.

ನಾಗಯ್ಯನ ಹೆಂಡತಿ ಮಂಚಮ್ಮ ಬಂದದ್ದು ಆ ದಿನಗಳಲ್ಲೇ. ಅರಿಸಿನ ಕೀಳುವ ಕೂಲಿಗೆ ಹೋಗಿ ಬಂದವಳು, ಕೈಯೆಲ್ಲ ಹಳದಿ, ಅಂಗಳದ ಬಾಗಿಲಲ್ಲಿ ನಿಂತಳು. ಗಂಡನನ್ನು ನೋಡಲಿಲ್ಲ, ಚಿಕ್ಕಮಲ್ಲಮ್ಮನವರಿಗೆ ಹೇಳಿದಳು.

"ನೋಡ್ರವ್ವ. ಮದ್ವೆ ಆಗಿ ಇಪ್ಪತ್ತಾರ್ ವರ್ಸ. ನಾನ್ ಮುನಿಸ್ಕಂಡ್ ತವ್ರಿಗ್ ಓದ್ರೆ ಒಂದಿನ ಬಂದ್ ಕರೀನಿಲ್ಲ ಈವಯ್ಯ. ಈಗ ನಾಯಿ ಮುನಿಸ್ಕಂಡದಂತೆ, ದಿನಾ ಬಂದ್ ಕೂತ್ಕತಾನೆ."

ನಾಗಯ್ಯ ಅಲ್ಲಿಂದಲೇ ಅಂದ, "ನಿನ್ ಕಾಲ್ಗೆ ನಾನ್ ಉಳಿ ಒಡ್ದಿರ್ನಿಲ್ವಲ್ಲಮ್ಮಿ."

"ಒಡುದ್ರೆ ಗೊತ್ತಾಯ್ತಿತ್ತು, ಯಾರ್ ಕುಂಟ್ತಿದ್ರು ಅಂತ."

ಹೇಳಿ ಅವಳೂ ನಕ್ಕಳು. ಹೋಗುವಾಗ ಸೀರೆಯ ಗಂಟಿನಿಂದ ಒಂದು ಪೊಟ್ಟಣ ಬಿಚ್ಚಿ ಅವನ ಪಕ್ಕದ ಚಪ್ಪಡಿಯ ಮೇಲಿಟ್ಟಳು. ಕರವಾಡು. ಆ ಎರಡು ತಿಂಗಳು ಅವಳ ಕೂಲಿಯಲ್ಲೇ ಮನೆಯೊಲೆ ಉರಿಯುತ್ತಿತ್ತು ಎಂಬುದು ನನಗೆ ಆಮೇಲೆ ತಿಳಿದದ್ದು.

ಉಗುರು ಇಳಿಯುತ್ತಿದ್ದವು. ಬಿಳಿಗಾಲಿನ ಗುಲಾಬಿ ದಾರ ಬೆರಳಿನ ಕಡೆಗೆ ಹಿಂದೆ ಹಿಂದೆ ಸರಿಯುವುದನ್ನು ನಾನು ವಾರ ವಾರ ಕಂಡೆ. ಟೈಪ್‌ರೈಟರಿನ ಸದ್ದು ಸಣ್ಣದಾಗುತ್ತ ಬಂತು. ದೊರೆಯ ಬೆರಳು ಚಪ್ಪಡಿಗೆ ತಾಗತೊಡಗಿದವು. ನನಗೆ ನಾಲ್ಕು ಕಾಲನ್ನೂ ಕೊಡುತ್ತಿತ್ತು, ಚಿಕ್ಕಮಲ್ಲಮ್ಮನವರಿಗೂ; ಒಂದು ದಿನ ಟೆಂಪೊ ಡ್ರೈವರಿಗೂ ಸುಮ್ಮನೆ ಕೊಟ್ಟಿತು. ನಾಗಯ್ಯನಿಗಿಲ್ಲ. ಸಂಕ್ರಾಂತಿಯ ಹಿಂದಿನ ಭಾನುವಾರ ಅವನಿಗೂ ದೊರೆಗೂ ನಡುವೆ ಉಳಿದದ್ದು ಎರಡೇ ಚಪ್ಪಡಿ. ಅದು ಕೂತಲ್ಲೇ ಕತ್ತು ಚಾಚಿ ಅವನ ಬೆನ್ನು ಮೂಸಿತು. ಬಲ ಮುಂಗಾಲನ್ನು ಮಾತ್ರ ಹೊಟ್ಟೆಯಡಿಗೆ ಮಡಿಸಿಕೊಂಡಿತು.

ಸೋಮವಾರ ಸಂಕ್ರಾಂತಿ. ಸಂಜೆ ಕಿಚ್ಚು ಹಾಯಿಸಲು ಎತ್ತುಗಳು ರಸ್ತೆಯಲ್ಲಿ ಹೊರಟವು. ನಾಗಯ್ಯ ಮಂಡಿಯ ಜಗುಲಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡಿದ್ದ. ನಾನು ಪಕ್ಕದಲ್ಲಿದ್ದೆ. ಡಾಂಬರಿನ ಮೇಲೆ ಲಾಳದ ಸದ್ದು ಜೋಡಿ ಜೋಡಿಯಾಗಿ ಬಂದು ಹೋಗುತ್ತಿತ್ತು.

"ಇದು ಗುಂಡ್ಲುಪೇಟೆಯೋನ ಕೈ," ಅಂದ ಒಂದು ಜೋಡಿ ದಾಟಿದಾಗ. "ಮೊಳೆ ಒಂಚೂರು ಓರೆ." ಇನ್ನೊಂದು ಜೋಡಿ. "ಇದೂ ಅವ್ನ್ದೇ."  ಆಮೇಲೆ ಬರಿಗೊರಸಿನ ಮೆತ್ತನೆ ಸದ್ದೊಂದು ಬಂತು. ಕಣ್ಣು ಬಿಟ್ಟ. ಹರವೆಯ ಗುರುಮಲ್ಲಯ್ಯ, ಕೊಂಬಿಗೆ ಬಣ್ಣ, ಕೊರಳಿಗೆ ಹೂವು, ಕಾಲಿಗೆ ಏನೂ ಇಲ್ಲದ ಎತ್ತುಗಳು. ನಾಗಯ್ಯನ ಕಡೆ ತಿರುಗದೆ, ಮೂತಿ ಬಿಗಿದುಕೊಂಡು ಹೋದ.

ಆ ಸದ್ದು ಈಗ ಆ ರಸ್ತೆಯಲ್ಲಿಲ್ಲ. ಊರು ಜಿಲ್ಲೆಯಾಯಿತು, ರಸ್ತೆ ಅಗಲವಾಯಿತು, ಗಾಡಿಗಳಿಗೆ ಟೈರು ಬಂತು, ಉಳುವುದಕ್ಕೆ ಟ್ರ್ಯಾಕ್ಟರು. ನಾಗಯ್ಯ ಲಾಳ ಹೊಡೆದ ಎಷ್ಟೋ ಎತ್ತುಗಳು ಸಂತೆಯಿಂದ ಮಲಯಾಳದ ಲಾರಿ ಹತ್ತಿದವು. ಲಾರಿ ಹೊರಡುವಾಗ ಅವನು ಹಿಂದಿನ ಹಲಗೆಯ ಸಂದಿಯಲ್ಲಿ ಕಾಲುಗಳನ್ನು ನೋಡಿ, ಇದು ಇಂಥ ಊರಿಂದು, ಇಂಥ ಸಾಲಿನಲ್ಲಿ ಹೊಡೆದದ್ದು ಎನ್ನುತ್ತಿದ್ದನಂತೆ. ನನಗೆ ವರ್ಗವಾಗಿ, ಟ್ರಂಕ್ ಬೋರ್ಡನ್ನೇ ಎತ್ತಿಹಾಕಿ, ನಾನೂ ಬೇರೆ ಕುರ್ಚಿಗೆ ಹೋದೆ. ಈಗಲೂ ಯಾರಾದರೂ ಕಾಲ್ ಮಾಡುತ್ತೇನೆ ಅಂದರೆ ನನಗೆ ಮೊದಲು ನೆನಪಾಗುವುದು ಒಂದು ಮುಂಗಾಲು.

ಅದು ಸಂಕ್ರಾಂತಿಯ ಮಾರನೇ ದಿನ. ಹಂಗಾಮು ಮುಗಿದಿತ್ತು, ನಾಗಯ್ಯ ಬರುವುದಿಲ್ಲ ಅಂದುಕೊಂಡಿದ್ದೆವು. ಬಂದ. ಎರಡು ಚಪ್ಪಡಿ ಬಿಟ್ಟು, ಎಂದಿನಂತೆ ಬೆನ್ನು ತಿರುಗಿಸಿ ಕೂತ. ಆವತ್ತು ಮಡಿಲಲ್ಲಿ ಕರವಾಡು ಇರಲಿಲ್ಲ. ಮಂಚಮ್ಮ ಕೊಟ್ಟುಕಳಿಸಿದ್ದ ಎಳ್ಳುಬೆಲ್ಲವನ್ನು ನನಗೊಂದು ಹಿಡಿ ಕೊಟ್ಟು ತಾನೂ ಬಾಯಿಗೆ ಹಾಕಿಕೊಂಡು, ಮುಂದಿನ ತಿಂಗಳಿನಿಂದ ಕಲ್ಲಿನ ಕಾರ್ಖಾನೆಗೆ ಕೂಲಿಗೆ ಹೋಗುವುದೋ ಏನೋ ಎಂದು ಮಾತಾಡುತ್ತಿದ್ದ.

"ಮಂಚಿ ಏಳ್ತಾಳೆ, ಉಳಿ ಗೂಡಲ್ಲೇ ಇರ್ಲಿ ಬುಡು, ಪೂಜೆಗಾದ್ರೂ ಆಯ್ತದ ಅಂತ," ಅಂದ.

ನಾನು ಮೆಟ್ಟಿಲ ಮೇಲೆ ಅವನಿಗೆ ಎದುರಾಗಿ ಕೂತಿದ್ದರಿಂದ ನನಗೆ ಕಾಣುತ್ತಿತ್ತು, ಅವನಿಗಿಲ್ಲ. ದೊರೆ ಎದ್ದಿತು. ಚೈನು ಬಿಚ್ಚಿ ತಿಂಗಳಾಗಿತ್ತು. ಒಂದು ಚಪ್ಪಡಿ ದಾಟಿತು, ನಾಲ್ಕೂ ಕಾಲೂರಿ. ಎರಡನೆಯದು ದಾಟಿತು. ಸದ್ದೇ ಇಲ್ಲ. ರಸ್ತೆಯಲ್ಲಿ ಹೋಗುವ ಎತ್ತಿನ ಮೊಳೆ ಓರೆಯಾಗಿದೆ ಎಂದು ಕೇಳಿಸಿಕೊಳ್ಳುವ ಕಿವಿಗೆ ಅಂಗೈಯಗಲ ಹಿಂದೆ ಬಂದು ನಿಂತ ನಾಯಿ ಕೇಳಲಿಲ್ಲ. ನಾನು ಬಾಯಿಯಲ್ಲಿದ್ದ ಎಳ್ಳನ್ನು ಅಗಿಯುವುದನ್ನೂ ನಿಲ್ಲಿಸಿದೆ.

ದೊರೆ ಅವನನ್ನು ಬಳಸಿಕೊಂಡು ಮುಂದೆ ಬಂತು. ಮುಖ ನೋಡಿತು. ಬಲ ಮುಂಗಾಲನ್ನು ಎತ್ತಿ ಅವನ ಮೊಣಕಾಲಿನ ಮೇಲಿಟ್ಟಿತು.

ನಾಗಯ್ಯ ಮಾತನ್ನು ಅರ್ಧಕ್ಕೇ ಬಿಟ್ಟ. ಕಣ್ಣು, ಅಭ್ಯಾಸದಂತೆ, ಮೊದಲು ಕಾಲಿನ ಮೇಲೇ ಬಿತ್ತು. ಅಂಗೈ ಅಗಲಿಸಿ ಆ ಪಾದವನ್ನು ಮೊಟ್ಟೆಯ ಹಾಗೆ ಹಿಡಿದ. ಅವನು ಕಡಿದಿದ್ದ ಉಗುರು ಉಳಿದವುಗಳಿಗಿಂತ ಚೂರು ಗಿಡ್ಡ. ಅದನ್ನು ಹೆಬ್ಬೆರಳಿನಿಂದ ಒಂದು ಸಲ ಸವರಿದ.

ಅಷ್ಟರಲ್ಲಿ ಚಿಕ್ಕಮಲ್ಲಮ್ಮನವರು ಅಡುಗೆಮನೆಯ ಬಾಗಿಲಿಗೆ ಬಂದು ನೋಡಿ ಗಾಬರಿಯಾಗಿ ಕೂಗಿದರು. "ಏ ನಾಗಯ್ಯ! ಇವತ್ ಮಂಗ್ಳವಾರ ಕಣಪ್ಪ! ಉಗುರ್ ಮುಟ್ಬ್ಯಾಡ!"

"ಉಗುರ್ ಕುಯ್ಯಲ್ಲ ಅವ್ವಾರೆ," ಎಂದ ನಾಗಯ್ಯ.  "ಕಾಲ್ ಇಡ್ಕಂಡೀವ್ನಿ, ಅಷ್ಟೇಯ."

ಅವರು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಲೋಬಾನ ಹಾಕಲಿಲ್ಲ, ಒಂದು ತಟ್ಟೆ ಸಿಹಿಪೊಂಗಲು ತಂದು ನಾಗಯ್ಯನ ಮುಂದಿಟ್ಟರು. ತಿನ್ನುವುದಕ್ಕೆ ಅವನ ಕೈ ಬಿಡುವಿರಲಿಲ್ಲ. ತಿಂದದ್ದು ದೊರೆ, ಕಾಲನ್ನು ಅಲ್ಲೇ ಬಿಟ್ಟು.

"ಸಾ," ಎಂದ ನಾಗಯ್ಯ ನನ್ನ ಕಡೆ ತಿರುಗದೆ. "ಅರವೆ ಸೊಸೈಟಿಲಿ ಒಂದ್ ಪೋನ್ ಅದಂತಲ್ಲ. ಗುರುಮಲ್ಲಯ್ಯಂಗ್ ಯಾರಾದ್ರೂ ಏಳುದ್ರಾಯ್ತು. ನಾಳಕ್ ಬೆಳುಗ್ಗೇನೇ ಎತ್ತು ಒಡ್ಕಂಡ್ ಬಾ ಅನ್ನಿ. ಬೈಕಂಡೇ ಬರ್ಲಿ, ಪರ್ವಾಗಿಲ್ಲ."

ಚಪ್ಪಲಿ ಮೆಟ್ಟಿಕೊಂಡು ಎಕ್ಸ್‌ಚೇಂಜಿಗೆ ಹೋದೆ. ಸೊಸೈಟಿಯ ಗುಮಾಸ್ತನನ್ನು ಹಿಡಿದು, ಅವನು ಗುರುಮಲ್ಲಯ್ಯನನ್ನು ಕರೆಸಿ, ಗುರುಮಲ್ಲಯ್ಯ ಫೋನಿನಲ್ಲಿ ಮನಸಾರೆ ಬೈದು, "ಬತ್ತೀನಿ ಅನ್ನಿ" ಎಂದು ರಿಸೀವರ್ ಕುಕ್ಕುವ ಹೊತ್ತಿಗೆ ಮುಕ್ಕಾಲು ಗಂಟೆಯಾಯಿತು. ಹಿಂತಿರುಗಿ ಬಂದಾಗ ಬಿಸಿಲು ಅಂಗಳದ ಗೋಡೆ ಹತ್ತಿತ್ತು. ತಟ್ಟೆ ಖಾಲಿಯಾಗಿತ್ತು. ದೊರೆ ನಾಗಯ್ಯನ ತೊಡೆಗೆ ಒರಗಿ ನಿದ್ದೆ ಹೋಗಿತ್ತು. ಕಾಲು ಜೋಮು ಹಿಡಿದು ಮುಖ ಕಿವುಚಿಕೊಂಡಿದ್ದರೂ ನಾಗಯ್ಯ ಕದಲದೆ, ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೇ ಇದ್ದ.